ಸದ್ದು, ಮಾವನವರು ಮತ್ತು ಎಡಗಡೆಯ ಹಿಂದಿನ ಗಾಲಿ

ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಮನೆಯ ಬಾಲ್ಕನಿಯಲ್ಲಿ ನಿಂತರೆ ವೇತಾಳ ಟೇಕಡಿಯ ಒಂದು ಮಗ್ಗುಲು ಕಾಣಿಸುತ್ತದೆ. 1966ರಲ್ಲಿ ಹುಟ್ಟಿದ, ದೇಶದ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಆರ್‌ಎಐ ಸಂಸ್ಥೆ ಇರುವುದು ಆ ಗುಡ್ಡದ ಮೇಲೆ. ವಾಹನಗಳ ಸದ್ದನ್ನೂ ಕಂಪನವನ್ನೂ ಅಳೆಯುವುದಕ್ಕೆಂದೇ ಅಲ್ಲಿ ಪ್ರತ್ಯೇಕ ಪ್ರಯೋಗಾಲಯವಿದೆ. ಗೋಡೆಗಳಿಗೆಲ್ಲ ಸದ್ದು ಹೀರುವ ಹೊದಿಕೆ ಹಾಕಿದ ಕೋಣೆಯಲ್ಲಿ ಸೂಕ್ಷ್ಮ ಮೈಕುಗಳನ್ನಿಟ್ಟು ಯಾವ ಸದ್ದು ಎಲ್ಲಿಂದ ಹೊರಡುತ್ತದೆ ಎಂದು ಪತ್ತೆ ಮಾಡುತ್ತಾರೆ. ಅದೇ ಗುಡ್ಡದ ಬುಡದಲ್ಲಿ, ಹತ್ತು ವರ್ಷ ದಾಟಿದ ನಮ್ಮ ಪೆಟ್ರೋಲ್ ಕಾರಿನ ಸದ್ದನ್ನು ಅಳೆಯುವುದಕ್ಕೆ ಇದ್ದ ಸಲಕರಣೆಗಳೆಂದರೆ ನನ್ನ ಹೆಂಡತಿಯ ಕಿವಿ, ಮಗನ ಕಿವಿ ಮತ್ತು ಹುಬ್ಬಳ್ಳಿಯಿಂದ ಬಂದಿದ್ದ ಮಾವನವರ ಕಿವಿ. ಈ ಮೂರು ಸಲಕರಣೆಗಳಿಗೂ ಒಂದರ ಮೇಲೆ ಒಂದಕ್ಕೆ ಕಿಂಚಿತ್ತೂ ವಿಶ್ವಾಸವಿರಲಿಲ್ಲ.

ಮೊದಲು ಕಾಣಿಸಿಕೊಂಡದ್ದು ಹಿಂದಿನ ಸೀಟಿನ ಕೆಳಗಿನಿಂದ ಏಳುವ ಒಂದು ಗುಂಯ್‌ಗುಡುವಿಕೆ. ಊರೊಳಗಿನ ವಾಹನದಟ್ಟಣೆಯಲ್ಲಿ ಅದರ ಸುಳಿವೇ ಇರುತ್ತಿರಲಿಲ್ಲ. ವಾರ್ಜೆ ದಾಟಿ ಬೆಂಗಳೂರು ಹೆದ್ದಾರಿಗೆ ಬಿದ್ದು ವೇಗ ಅರವತ್ತರ ಗಡಿ ದಾಟಿತೆಂದರೆ ಶುರುವಾಗುತ್ತಿತ್ತು. ಊಟದ ಹೊತ್ತಿಗೆ ಅದನ್ನು ಕುರಿತು ಸಭೆ ಸೇರುವುದು ನಮ್ಮ ಮನೆಯಲ್ಲಿ ರೂಢಿಯಾಯಿತು. ಹೆಂಡತಿ ಬಾಯಿ ಮುಚ್ಚಿ ಮೂಗಿನಲ್ಲಿ ಗುಂಯ್ ಎನ್ನುತ್ತಿದ್ದಳು. ಅದು ಹಾಗಲ್ಲ, ಹೀಗೆ ಎಂದು ಮಗ ತುಟಿ ನಡುಗಿಸಿ ಭುರ್ರ್ ಎನ್ನುತ್ತಿದ್ದ. ಕೆಳಮನೆಯ ಕಾಕಾ ಒಂದು ಸಂಜೆ ಚಹಾಕ್ಕೆ ಬಂದವರು ಇಬ್ಬರ ಪ್ರದರ್ಶನವನ್ನೂ ಗಂಭೀರವಾಗಿ ಆಲಿಸಿ, ಟಯರಿನ ಗಾಳಿ ನೋಡಿಸಿ ಎಂದರು. ಕಾಕಾ ಅವರು ಮೈಲೇಜ್ ಕಡಿಮೆಯಾದರೂ, ಎಸಿ ಕೆಟ್ಟರೂ, ಹಾರ್ನ್ ಕೂಗದಿದ್ದರೂ ಕೊಡುವ ಸಲಹೆ ಅದೊಂದೇ ಆದ್ದರಿಂದ ಅದನ್ನು ನಾವು ಗೌರವದಿಂದ ಕೇಳಿ ಬದಿಗಿಟ್ಟೆವು. ದಿನ ಕಳೆದಂತೆ ಮನೆಯವರ ಅನುಕರಣೆ ಎಷ್ಟು ಪಳಗಿತೆಂದರೆ, ಕಾರಿಗಿಂತ ಅವರೇ ಹೆಚ್ಚು ಕೆಟ್ಟಿದ್ದಾರೆಂಬ ಸಂಶಯ ನನಗೆ ಬರತೊಡಗಿತು.

ಕಂಪನಿಯ ಸರ್ವಿಸ್ ಸೆಂಟರಿಗೆ ಒಯ್ದಾಗ ಟೈ ಕಟ್ಟಿದ ತರುಣನೊಬ್ಬ ನನ್ನ ದೂರನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಂಡ. ನಾನು ಐದು ನಿಮಿಷ ವರ್ಣಿಸಿದ್ದೆಲ್ಲ ಅದರಲ್ಲಿ ‘ಅಸಹಜ ಶಬ್ದ’ ಎಂಬ ಎರಡು ಪದಗಳಾಗಿ ಇಳಿಯಿತು. ಬಳಿಕ ಇನ್ನೊಬ್ಬ ಹುಡುಗ ಕಾರನ್ನು ಅವರದೇ ಆವರಣದಲ್ಲಿ, ಸಾಲಾಗಿ ನಿಲ್ಲಿಸಿದ ಹೊಸ ಕಾರುಗಳ ನಡುವೆ, ನಡೆದು ಹೋಗುವವನಿಗಿಂತ ತುಸು ಹೆಚ್ಚಿನ ವೇಗದಲ್ಲಿ ಒಂದು ಸುತ್ತು ಹಾಕಿಸಿದ. ಇನ್‌ಸ್ಪೆಕ್ಟರು ಬಂದ ದಿನ ಶಾಲೆಯ ತುಂಟ ಹುಡುಗ ಕೈಕಟ್ಟಿ ಕೂರುವಂತೆ ಕಾರು ಉಸಿರೆತ್ತದೆ ತಿರುಗಿ ಬಂತು. ಸಂಜೆ ಕೈಗೆ ಬಂದ ಕಾರ್ಡಿನಲ್ಲಿ ‘ಪರೀಕ್ಷಿಸಲಾಗಿದೆ, ಸದ್ದು ಕಂಡುಬಂದಿಲ್ಲ’ ಎಂದಿತ್ತು. ಸದ್ದು ಕಾಣುವ ವಸ್ತುವಲ್ಲವಾದ್ದರಿಂದ ಅದನ್ನು ಸುಳ್ಳೆನ್ನುವಂತೆಯೂ ಇರಲಿಲ್ಲ.

ಮಾವನವರು ಬಂದದ್ದು ಈ ಹಂತದಲ್ಲಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಗಾಲಿಗಳ ನಡುವೆಯೇ ನೌಕರಿ ಮುಗಿಸಿದವರು ಅವರು. ರೈಲು ನಿಂತಾಗ ಉದ್ದ ಹಿಡಿಯ ಸುತ್ತಿಗೆ ಹಿಡಿದು ಒಂದೊಂದೇ ಗಾಲಿಯನ್ನು ತಟ್ಟುತ್ತ ಹೋಗುವ ನೌಕರರನ್ನು ಹಿಂದೆಲ್ಲ ನಿಲ್ದಾಣಗಳಲ್ಲಿ ನೋಡುತ್ತಿದ್ದೆವು. ಗಟ್ಟಿಯಾದ ಉಕ್ಕಿನ ಗಾಲಿ ತಟ್ಟಿದರೆ ಗಂಟೆಯಾಗಿ ಮೊಳಗುತ್ತದೆ. ಬಿರುಕು ಬಿಟ್ಟದ್ದು ಬದ್ದೆನ್ನುತ್ತದೆ. ಆ ವಿದ್ಯೆಯಲ್ಲಿ ಮಾವನವರಿಗೆ ಇರುವ ಅಭಿಮಾನ ಅಷ್ಟಿಷ್ಟಲ್ಲ. “ಅಳಿಯಂದಿರ, ಗಾಲಿ ತಾನ ಮಾತಾಡ್ತದ, ಕೇಳೋ ಕಿವಿ ಬೇಕಷ್ಟ” ಎಂದು ಬೆಳಿಗ್ಗೆ ಆರಕ್ಕೆ ನನ್ನನ್ನು ಎಬ್ಬಿಸಿ ಪಾರ್ಕಿಂಗಿಗೆ ಕರೆದೊಯ್ದರು. ಕೈಯಲ್ಲಿ ಅಡುಗೆಮನೆಯ ಹಿತ್ತಾಳೆಯ ಕುಟ್ಟಾಣಿಯ ಹಾರೆ. ಪ್ಯಾಂಟಿನ ಕಾಲು ಮೇಲಕ್ಕೇರಿಸಿ ಕುಕ್ಕರಗಾಲಿನಲ್ಲಿ ಕೂತು, ರಿಮ್ಮಿನ ಅಂಚಿಗೆ ಟಣ್ಣೆಂದು ಒಂದು ಏಟು ಕೊಟ್ಟು, ಕಿವಿಯನ್ನು ಟಯರಿಗೆ ಹತ್ತಿರ ತಂದರು. ಟಣ್ ಎಂಬುದು ಹುಟ್ಟಿದಲ್ಲೇ ಸತ್ತಿತು. ರೈಲಿನ ಗಾಲಿಗೆ ರಬ್ಬರಿನ ಟಯರಿಲ್ಲ. ಕಾರಿನ ರಿಮ್ಮಿನ ಸುತ್ತ ಗಾಳಿ ತುಂಬಿದ ರಬ್ಬರು ಕೂತು ಯಾವ ಮೊಳಗನ್ನೂ ಮೊಳಗಗೊಡುವುದಿಲ್ಲ. ಆದ್ದರಿಂದ ನಾಲ್ಕು ಗಾಲಿಗಳೂ ಒಂದೇ ಸಮನಾಗಿ ಬಿರುಕು ಬಿಟ್ಟಿವೆ ಎಂಬ ತೀರ್ಮಾನಕ್ಕೆ ಮಾವನವರು ಬರುವುದರೊಳಗೆ ವಾಚ್‌ಮನ್ ಓಡಿ ಬಂದಿದ್ದ. ಮುಂಜಾನೆಯ ಕತ್ತಲಲ್ಲಿ ಯಾರೋ ಕಾರಿನ ಗಾಲಿ ಕಳಚುತ್ತಿದ್ದಾರೆಂದು ಮೂರನೆಯ ಮಹಡಿಯಿಂದ ಅವನಿಗೆ ಫೋನು ಹೋಗಿತ್ತಂತೆ.

ಕಡೆಗೆ ನಾವು ಹೋದದ್ದು ಪೌಡ್ ರಸ್ತೆಯ ಒಳಓಣಿಯೊಂದರ ಸಣ್ಣ ಗ್ಯಾರೇಜಿಗೆ. ಅದರ ಮೇಸ್ತ್ರಿ ವಿಜಯಪುರ ಜಿಲ್ಲೆಯ ಇಂಡಿ ಕಡೆಯವನು. ನಮ್ಮ ಮಾತು ಕೇಳಿ, ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದ. ನಾನು ಗಂಟಲು ಸರಿಪಡಿಸಿಕೊಂಡು ಗುಂಯ್ ಎನ್ನಲು ಸಿದ್ಧನಾಗುತ್ತಿದ್ದಂತೆ ಕೈ ಅಡ್ಡ ಹಿಡಿದ. “ಹೆಂಗ ಬರ್ತೈತಿ ಅನ್ನೂದು ಬ್ಯಾಡ್ರಿ ಸಾಹೇಬ್ರ. ಯಾವಾಗ ಬರ್ತೈತಿ, ಅದನ್ನ ಹೇಳ್ರಿ.”

ನಮ್ಮ ಊಟದ ಸಭೆಗಳಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಅದು. ಗೇರ್ ಬದಲಿಸಿದರೆ ಸದ್ದು ಬದಲಾಗುತ್ತದೆಯೇ? ಇಲ್ಲ. ಹಾಗಾದರೆ ಇಂಜಿನ್ನನ್ನು ಬಿಟ್ಟುಬಿಡಿ. ಬ್ರೇಕ್ ಒತ್ತಿದಾಗ ಮಾತ್ರ ಬರುತ್ತದೆಯೇ? ಇಲ್ಲ. ಹಾಗಾದರೆ ಡಿಸ್ಕನ್ನೂ ಪ್ಯಾಡನ್ನೂ ಬಿಟ್ಟುಬಿಡಿ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಓಡಿಸುವಾಗ ಟಕಟಕ ಎನ್ನುತ್ತದೆಯೇ? ಇಲ್ಲ. ಹಾಗಾದರೆ ಡ್ರೈವ್ ಶಾಫ್ಟಿನ ಜಾಯಿಂಟ್ ಚೆನ್ನಾಗಿದೆ. ರಸ್ತೆ ಕಾಂಕ್ರೀಟಿನಿಂದ ಡಾಂಬರಿಗೆ ಬದಲಾದಾಗ ಸದ್ದಿನ ಸ್ವರ ಬದಲಾಗುತ್ತದೆಯೇ? ಹಾಗೇನೂ ಇಲ್ಲ. ಹಾಗಾದರೆ ಟಯರಿನದೂ ಅಲ್ಲ. ಇಷ್ಟನ್ನೂ ಆತ ಕೇಳಿದ್ದು ಬಾನೆಟ್ ತೆರೆಯದೆ, ಕೈಗೆ ಒಂದು ಹನಿ ಎಣ್ಣೆ ತಾಕಿಸಿಕೊಳ್ಳದೆ. ಟೈ ಕಟ್ಟಿದವನು ಈ ಪ್ರಶ್ನೆಗಳಲ್ಲಿ ಒಂದನ್ನಾದರೂ ಕೇಳಿದ್ದರೆ ಆ ಕಾರ್ಡಿನಲ್ಲಿ ಇನ್ನೆರಡು ಪದ ಹೆಚ್ಚಾಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಉಳಿದದ್ದನ್ನು ಹೆದ್ದಾರಿಯಲ್ಲಿ ನೋಡಿದೆವು. ಮೇಸ್ತ್ರಿ ಸ್ಟಿಯರಿಂಗ್ ಹಿಡಿದ, ಮಾವನವರು ಮತ್ತು ನಾನು ಹಿಂದೆ ಕೂತೆವು. ರಸ್ತೆ ಉದ್ದಕ್ಕೆ ಬಲಕ್ಕೆ ಬಾಗುವಲ್ಲಿ ಗುಂಯ್ ಏರಿತು. ಎಡಕ್ಕೆ ಬಾಗುವಲ್ಲಿ ಇಳಿಯಿತು. ಕಾರು ಬಲಕ್ಕೆ ತಿರುಗಿದಾಗ ಅದರ ಭಾರ ಎಡಗಡೆಯ ಗಾಲಿಗಳ ಮೇಲೆ ಬೀಳುತ್ತದೆ, ಗಾಲಿ ಸಲೀಸಾಗಿ ತಿರುಗಲೆಂದು ಅದರ ನಡುವೆ ಇರುವ ಬೇರಿಂಗ್ ಸವೆದಿದ್ದರೆ ಭಾರ ಬಿದ್ದಾಗ ಹೆಚ್ಚು ಕೂಗುತ್ತದೆ. ಗ್ಯಾರೇಜಿಗೆ ಮರಳಿ, ಹಿಂದಿನ ಎಡಭಾಗಕ್ಕೆ ಜಾಕ್ ಕೊಟ್ಟು, ಒಂದು ಕೈಯಿಂದ ಗಾಲಿಯನ್ನು ತಿರುಗಿಸುತ್ತ ಇನ್ನೊಂದು ಕೈಯನ್ನು ಮೇಲಿನ ಸ್ಪ್ರಿಂಗಿನ ಮೇಲೆ ಇಟ್ಟ. ನಯವಾದ ಬೇರಿಂಗ್ ಆದರೆ ಸ್ಪ್ರಿಂಗಿಗೆ ಏನೂ ತಿಳಿಯುವುದಿಲ್ಲ. ಗುಂಡುಗಳು ಉರುಳುವ ಹಾದಿಯಲ್ಲಿ ಚಕ್ಕೆ ಎದ್ದಿದ್ದರೆ ಬೆರಳಿಗೆ ಮರಳು ಅರೆದ ಅನುಭವವಾಗುತ್ತದೆ. ಮಾವನವರನ್ನು ಕರೆದು ಅವರ ಕೈಯನ್ನೂ ಅಲ್ಲಿ ಇರಿಸಿದ. ಅವರು ಕಣ್ಣು ಮುಚ್ಚಿದರು, ಇನ್ನೊಮ್ಮೆ ತಿರುಗಿಸಲು ಹೇಳಿದರು, ಮತ್ತೊಮ್ಮೆ ತಿರುಗಿಸಲು ಹೇಳಿದರು. “ಹೌದಪಾ, ಇಲ್ಲೇ ಅದ” ಎಂದರು. ಮಳೆಗಾಲದ ನೀರು ಹಬ್ಬಿನೊಳಗೆ ಹೊಕ್ಕು ಗ್ರೀಸನ್ನು ತೊಳೆದಿತ್ತು. ಬೇರಿಂಗ್ ಬದಲಾಯಿತು.

ನಾವು ಅಂದುಕೊಂಡಿದ್ದ ನೆಮ್ಮದಿ ಮಾತ್ರ ಬರಲಿಲ್ಲ. ದೊಡ್ಡ ಸದ್ದು ಹೋದ ಮೇಲೆ ಅದರ ಕೆಳಗೆ ಇಷ್ಟು ದಿನ ಮುಚ್ಚಿಹೋಗಿದ್ದ ಸಣ್ಣಪುಟ್ಟವುಗಳಿಗೆಲ್ಲ ಬಾಯಿ ಬಂತು. ಕರ್ವೆ ರಸ್ತೆಯ ಸಿಗ್ನಲ್ಲಿನಲ್ಲಿ ಎಸಿ ಹಾಕಿಕೊಂಡು ನಿಂತರೆ ಸೀಟು ನಡುಗುತ್ತಿತ್ತು. ನಮ್ಮದು ಮೂರು ಸಿಲಿಂಡರಿನ ಇಂಜಿನ್. ನಿಮಿಷಕ್ಕೆ 800 ಸುತ್ತಿನಲ್ಲಿ ಸುಮ್ಮನೆ ಓಡುವಾಗ ಅದರಲ್ಲಿ ಸೆಕೆಂಡಿಗೆ 20 ಸಲ ಪೆಟ್ರೋಲ್ ಉರಿಯುತ್ತದೆ. ಮನುಷ್ಯನ ಕಿವಿ ಕೇಳಬಲ್ಲ ಸ್ವರದ ಕೆಳಗಿನ ಅಂಚೂ ಸುಮಾರು ಅಷ್ಟೇ, ಸೆಕೆಂಡಿಗೆ 20 ಕಂಪನ. ಹೀಗಾಗಿ ಅದು ಕಿವಿಗೆ ಕೇಳುವುದಕ್ಕಿಂತ ಹೆಚ್ಚಾಗಿ ಕೂತ ಜಾಗಕ್ಕೇ ತಿಳಿಯುತ್ತದೆ. ಆ ನಡುಕವನ್ನು ಕಾರಿನ ಮೈಗೆ ದಾಟದಂತೆ ತಡೆಯಬೇಕಾದದ್ದು ಇಂಜಿನ್ನನ್ನು ಹೊತ್ತ ರಬ್ಬರಿನ ಮೌಂಟಿಂಗ್, ಗ್ಯಾರೇಜಿನವರ ಭಾಷೆಯಲ್ಲಿ ಫೌಂಡೇಶನ್. ನಮ್ಮದು ಒಂದು ಕಡೆ ಹರಿದಿತ್ತು. ಎಸಿಯ ಕಂಪ್ರೆಸರ್ ಭಾರ ಬಿದ್ದೊಡನೆ ಇಂಜಿನ್ ಕುಲುಕಿ, ಬಾಗಿಲಿನ ಖಾನೆಯಲ್ಲಿದ್ದ ನೀರಿನ ಬಾಟಲಿಯಲ್ಲಿ ಅಲೆಗಳು ಏಳುತ್ತಿದ್ದವು. ಮಗ ಅದನ್ನು ತನ್ನ ವಿಜ್ಞಾನದ ಪ್ರಾಜೆಕ್ಟಿಗೆಂದು ವಿಡಿಯೋ ಮಾಡಿಕೊಂಡಿದ್ದರಿಂದ ಫೌಂಡೇಶನ್ ಬದಲಿಸುವ ಕೆಲಸ ಒಂದು ವಾರ ಮುಂದಕ್ಕೆ ಹೋಯಿತು.

ಮಳೆ ಹಿಡಿದ ಮೇಲೆ ತಾಮ್ಹಿಣಿ ಘಾಟಿಗೆ ಹೋಗಿ ಬಂದೆವು. ಸ್ಟಿಯರಿಂಗ್ ನಡುಕ ಅಲ್ಲಿಂದ ಬಂದ ಪ್ರಸಾದ. ಎಂಬತ್ತರವರೆಗೆ ಏನೂ ಇಲ್ಲ. ತೊಂಬತ್ತಕ್ಕೆ ಕೈಗೆ ಜುಮ್ಮೆನ್ನುವ ನಡುಕ. ನೂರರ ಹತ್ತಿರ ಮತ್ತೆ ತಗ್ಗುತ್ತದೆ. ಪುಣೆಯೊಳಗೆ ತೊಂಬತ್ತರ ವೇಗ ಕನಸಿನ ಮಾತಾದ್ದರಿಂದ ಈ ದೋಷವನ್ನು ಅನುಭವಿಸಬೇಕಾದರೆ ಮುಂಬಯಿ ಎಕ್ಸ್‌ಪ್ರೆಸ್‌ವೇಗೆ ಹೋಗಿ ಟೋಲ್ ತೆರಬೇಕು. ಟೋಲ್ ಕೊಟ್ಟು ಸದ್ದು ಕೇಳಿ ಬರುವ ಈ ಯಾತ್ರೆಯನ್ನು ಹೆಂಡತಿ ಬಲವಾಗಿ ವಿರೋಧಿಸಿದ್ದರಿಂದ ಯಾವಾಗ, ಎಷ್ಟರಲ್ಲಿ ಎಂಬುದನ್ನು ಫೋನಿನಲ್ಲೇ ಹೇಳಿದೆ. ಮೇಸ್ತ್ರಿ ಗಾಲಿ ಬಿಚ್ಚಿದಾಗ ಮುಂದಿನ ಬಲಗಡೆಯ ರಿಮ್ಮಿನ ಒಳಮೈಗೆ ಅಂಗೈಯಗಲ ಕೆಮ್ಮಣ್ಣು ಒಣಗಿ ಗಟ್ಟಿಯಾಗಿ ಕೂತಿತ್ತು. ಇಷ್ಟು ಮಣ್ಣಿಗೆ ಒಂದು ಟನ್ನಿನ ಸಮೀಪದ ಕಾರು ನಡುಗುವುದೇ ಎಂದು ಮಾವನವರು ಮೂಗು ಮುರಿದರು. ಲೆಕ್ಕ ಹಾಕಿ ತೋರಿಸಬೇಕಾಯಿತು. ತೊಂಬತ್ತರ ವೇಗದಲ್ಲಿ ಸಣ್ಣ ಕಾರಿನ ಗಾಲಿ ಸೆಕೆಂಡಿಗೆ ಸುಮಾರು 14 ಸುತ್ತು ತಿರುಗುತ್ತದೆ. 13 ಅಂಗುಲದ ರಿಮ್ಮಿನ ಅಂಚಿನಲ್ಲಿ ಕೇವಲ 20 ಗ್ರಾಂ ಹೆಚ್ಚಿದ್ದರೂ ಅದು ಸುಮಾರು ಎರಡೂವರೆ ಕಿಲೋ ತೂಕದಷ್ಟು ಬಲದಿಂದ ಗಾಲಿಯನ್ನು ಸುತ್ತಿಗೊಮ್ಮೆ ಅತ್ತಿತ್ತ ಜಗ್ಗುತ್ತದೆ. ಆ ಜಗ್ಗಾಟದ ಲಯವೂ ಸಸ್ಪೆನ್ಷನ್ನಿನ ಸಹಜ ಲಯವೂ ಕೂಡಿದ ವೇಗದಲ್ಲಿ ನಡುಕ ಎದ್ದು ಕಾಣುತ್ತದೆ, ಅದನ್ನು ದಾಟಿದ ಮೇಲೆ ತಗ್ಗುತ್ತದೆ. ಮಾವನವರು ಲೆಕ್ಕದ ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. ಹುಬ್ಬಳ್ಳಿಯಲ್ಲಿ ಯಾರಿಗೋ ತೋರಿಸುವುದಿತ್ತು.

ಇನ್ನು ಉಳಿದದ್ದು ಸ್ಪೀಡ್ ಬ್ರೇಕರಿನ ಸದ್ದು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿಯ ಪ್ರಕಾರ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿದ್ದು, ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ಮೃದುವಾಗಿ ದಾಟುವಂತಿರಬೇಕು. ನಮ್ಮ ಓಣಿಯ ಉಬ್ಬನ್ನು ಕಟ್ಟಿದವರು ಎತ್ತರದ ಸಾಲನ್ನಷ್ಟೇ ಓದಿ, ಅಗಲದ ಸಾಲು ಬರುವ ಮೊದಲೇ ಪುಸ್ತಕ ಮುಚ್ಚಿರಬೇಕು. ಅದರ ಮೇಲಿಂದ ಇಳಿಯುವಾಗ ಹಿಂದಿನ ಎಡಗಡೆಯಿಂದ ಧಡ್ ಎಂಬ ಪೆಟ್ಟು ಕೇಳತೊಡಗಿತು. ಯಾವಾಗ ಬರುತ್ತದೆ ಎಂಬುದನ್ನು ಈಗ ಪಳಗಿದ ಕಿವಿಗಳಿಂದ ನಾನು ಮತ್ತು ಹೆಂಡತಿ ಇಬ್ಬರೂ ಬೇಗನೆ ಪತ್ತೆ ಹಚ್ಚಿದೆವು. ಪತ್ತೆ ಹಚ್ಚಿದ ಮೇಲೆ ಇಬ್ಬರೂ ಬಾಯಿ ಮುಚ್ಚಿಕೊಂಡೆವು. ಆ ಸದ್ದು ಬರುತ್ತಿದ್ದದ್ದು ಮಾವನವರು ಕೂತಾಗ ಮಾತ್ರ. ಅವರು ಕೂರುವುದು ಹಿಂದಿನ ಎಡಗಡೆಯ ಕಿಟಕಿಯ ಪಕ್ಕ. ಅವರ ಮೈಕಟ್ಟೋ, ಜೋಳದ ರೊಟ್ಟಿ ಮತ್ತು ಬೆಣ್ಣೆಯ ಮೇಲೆ ಬೆಳೆದದ್ದು.

ಗ್ಯಾರೇಜಿನಲ್ಲಿ ಮೇಸ್ತ್ರಿ ಎಂದಿನಂತೆ ಕೇಳಿದ: “ಯಾವಾಗ ಬರ್ತೈತ್ರಿ?” ಮಾವನವರು ನನ್ನ ಮಗ್ಗುಲಲ್ಲೇ ನಿಂತಿದ್ದರು. ಅಳಿಯನಾದವನು ಇಂಥ ಪ್ರಶ್ನೆಗೆ ಏನೆಂದು ಉತ್ತರಿಸಬೇಕು? “ಒಮ್ಮೊಮ್ಮೆ” ಎಂದೆ. ಮೇಸ್ತ್ರಿಗೆ ಅದು ಸಾಲಲಿಲ್ಲ. “ಲೋಡ್ ಇದ್ದಾಗ” ಎಂದಳು ಹೆಂಡತಿ, ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ. “ಯಾವ ಲೋಡ್? ನಾವು ಏನೂ ಹೇರಿಲ್ಲಲ್ಲ” ಎಂದರು ಮಾವನವರು. ಸ್ವತಃ ನಡೆಸಿ ನೋಡುತ್ತೇನೆಂದು ಕೀಲಿ ಕಸಿದುಕೊಂಡು ಓಣಿಯ ಉಬ್ಬನ್ನು ಹಿಂದುಮುಂದಾಗಿ ದಾಟಿಸಿ, ಏನೂ ಇಲ್ಲ, ನಿಮ್ಮ ಭ್ರಮೆ ಎಂದು ತೀರ್ಪಿತ್ತರು. ಮುಂದಿನ ಸೀಟಿನಲ್ಲಿ ಕೂತು ನಡೆಸಿದರೆ ಹಿಂದೆ ಸದ್ದಾಗುವುದಾದರೂ ಹೇಗೆ? ಮೇಸ್ತ್ರಿ ನಮ್ಮ ಮುಖಗಳನ್ನು ಒಮ್ಮೆ ನೋಡಿದ, ಮಾವನವರನ್ನು ಒಮ್ಮೆ ನೋಡಿದ. ಅವನಿಗೆ ಅರ್ಥವಾಯಿತು. “ಅಜ್ಜಾರ, ನೀವು ಅನುಭವಸ್ಥರು. ಹಿಂದ ಕುಂತು ಕಿವಿಗೊಟ್ಟು ಕೇಳ್ರಿ, ನಾ ಹೊಡೀತೀನಿ” ಎಂದು ಬಾಗಿಲು ತೆರೆದ.

ಮರಳಿ ಬಂದಾಗ ಮಾವನವರ ಮುಖ ಬೆಳಗುತ್ತಿತ್ತು. “ಸಿಕ್ತು! ನಾ ಕೂತಿದ್ದಕ್ಕ ಸಿಕ್ತು. ನಿಮ್ಮಿಂದ ಆಗ್ತಿರಲಿಲ್ಲ.” ಹಿಂದಿನ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರಿ ಸತ್ತಿತ್ತು, ಅದರ ತಲೆಯಲ್ಲಿ ಪೆಟ್ಟು ತಡೆಯಬೇಕಾದ ಬಂಪ್ ಸ್ಟಾಪರ್ ರಬ್ಬರು ಪುಡಿಯಾಗಿ, ರಕ್ಷಾಕವಚ ಎತ್ತಿದೊಡನೆ ಕರಿ ಹಿಟ್ಟಾಗಿ ಉದುರಿತು. ಎಡಬಲ ಎರಡನ್ನೂ ಜೋಡಿಯಾಗಿಯೇ ಬದಲಿಸಬೇಕು, ಒಂದು ಹೊಸದು ಒಂದು ಹಳೆಯದಾದರೆ ಎರಡೂ ಬದಿಯ ಕುಲುಕಾಟ ಸಮವಾಗಿರುವುದಿಲ್ಲ ಎಂದು ಮೇಸ್ತ್ರಿ ವಿವರಿಸಿದ. ಖರ್ಚು ಉಳಿಸುವ ವಿಷಯದಲ್ಲಿ ರೈಲ್ವೆಯಿಂದ ನಿವೃತ್ತರಾದ ಮೇಲೂ ಜಾಗರೂಕರಾಗಿರುವ ಮಾವನವರು ತಟ್ಟನೆ ತಡೆದರು.

“ಎಡಗಡೆದು ಸರಿ. ಬಲಗಡೆದು ಯಾಕ ಬದಲಿ? ಆ ಕಡೆ ನಾ ಕೂತೇ ಇಲ್ಲಲ್ಲ!”

ಮೇಸ್ತ್ರಿ ಅಷ್ಟರಲ್ಲಿ ನಾನಾ ಪೇಠದ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಫೋನು ಹಚ್ಚಿ ಜೋಡಿಯ ದರ ಕೇಳುತ್ತಿದ್ದ.