ರೂಪಾಯಿ ತೂಕ

ವರಮಹಾಲಕ್ಷ್ಮಿ ಹಬ್ಬದ ಮರುದಿನ ನಮ್ಮ ಮನೆಯಲ್ಲಿ ಕಳಶದ ಅಕ್ಕಿ ಪಾಯಸವಾಗುತ್ತದೆ, ಕಳಶದೊಳಗಿನ ಬೆಳ್ಳಿ ರೂಪಾಯಿಗಳು ಮತ್ತೆ ಡಬ್ಬಿ ಸೇರುತ್ತವೆ. ಈ ಸಲ ಡಬ್ಬಿ ಸೇರುವ ಮುನ್ನವೇ ಅವು ನನ್ನ ಕೈಗೆ ಸಿಕ್ಕವು. ಅಜ್ಜಿಯ ಕಾಲದ ಆರು ನಾಣ್ಯಗಳು. ಜೊತೆಗೆ ಜಾತ್ರೆಯೊಂದರಲ್ಲಿ ನಾನು ಚೌಕಾಸಿ ಮಾಡಿ 600 ರೂಪಾಯಿಗೆ ಕೊಂಡು, ಗೆದ್ದೆನೆಂದು ಬೀಗಿದ್ದ 1862ರ ವಿಕ್ಟೋರಿಯಾ ರೂಪಾಯಿ.

“ಲಕ್ಷ್ಮಿಯನ್ನೇ ಪರೀಕ್ಷೆ ಮಾಡುತ್ತೀಯಾ?” ಎಂದಳು ಅಮ್ಮ. ಆದರೂ ಒಲೆಯ ಪಕ್ಕ ಜಾಗ ಬಿಟ್ಟುಕೊಟ್ಟಳು.

ಮೊದಲು ಫ್ರಿಜ್‌ ಬಾಗಿಲಿನ ಅಯಸ್ಕಾಂತ. ಐದು ನಾಣ್ಯಗಳು ಅದನ್ನು ಕಂಡೂ ಕಾಣದಂತಿದ್ದವು. ಆರನೆಯದು ಟಕ್ಕೆಂದು ಅಂಟಿಕೊಂಡಿತು. ಅಮ್ಮನ ಮುಖ ಇಳಿಯಿತು. ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ ಹುಲಿ, 1947ನೇ ಇಸವಿ. ಆ ವರ್ಷದ ರೂಪಾಯಿ ನಿಕ್ಕಲ್‌ನದು. ಅಸಲಿಯೇ, ಬೆಳ್ಳಿಯದಲ್ಲ ಅಷ್ಟೆ. ನನ್ನ ಜಾತ್ರೆಯ ನಾಣ್ಯ ಅಂಟಲಿಲ್ಲ. “ನೋಡಿದೆಯಾ?” ಎಂದೆ. ಅಂಟಿದ್ದು ಬೆಳ್ಳಿಯಲ್ಲ ಎಂದಷ್ಟೇ ಅಯಸ್ಕಾಂತ ಹೇಳಬಲ್ಲದು. ತಾಮ್ರ, ಹಿತ್ತಾಳೆ, ಸೀಸ ಯಾವುದೂ ಅದಕ್ಕೆ ಅಂಟುವುದಿಲ್ಲ. ಆ ಗಳಿಗೆಯಲ್ಲಿ ಇದು ನನಗೆ ನೆನಪಾಗಲಿಲ್ಲ.

ಕೆಲವರು ನಾಣ್ಯದ ಮೇಲೆ ಮಂಜುಗಡ್ಡೆ ಇಟ್ಟು, ಬೇಗ ಕರಗಿದರೆ ಬೆಳ್ಳಿ ಎನ್ನುತ್ತಾರೆ. ಶಾಖ ಸಾಗಿಸುವುದರಲ್ಲಿ ಬೆಳ್ಳಿಯದೇ ಮೇಲುಗೈ, ನಿಜ. ಆದರೆ ತಾಮ್ರವೂ ಅದರ ಬೆನ್ನಿಗೇ ಇದೆ. ನನಗೆ ಸಿಕ್ಕಿದ್ದು ಒದ್ದೆಯಾದ ಕಟ್ಟೆ ಮಾತ್ರ. ಒರೆಗಲ್ಲು ಮತ್ತು ಆಮ್ಲ ಅಕ್ಕಸಾಲಿಗಳಿಗೇ ಇರಲಿ. ಒರೆ ಹಚ್ಚಿದರೆ ಲೋಹದ ಗುಟ್ಟು ತಿಳಿಯುತ್ತದೆ, ನಾಣ್ಯದ ಮೈ ಕೆಡುತ್ತದೆ. ಸಂಗ್ರಹಕಾರನಿಗೆ ಬೇಕಾದದ್ದು ಮೈ.

ಉಳಿದದ್ದು ತಕ್ಕಡಿ. ಅಡುಗೆಮನೆಯ ಸಾಮಾನ್ಯ ತಕ್ಕಡಿ ಸಾಲದು, ಗ್ರಾಂನ ನೂರನೇ ಒಂದು ಭಾಗ ತೋರಿಸುವಂಥದ್ದು ಬೇಕು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ 11.66 ಗ್ರಾಂ, ಸರಿಯಾಗಿ ಒಂದು ತೊಲ. ಅಂಥ 80 ರೂಪಾಯಿ ತೂಗಿದರೆ ಒಂದು ಸೇರು. ನಾಣ್ಯವೇ ತೂಕದ ಬಟ್ಟಾಗಿದ್ದ ಕಾಲ ಅದು. ಅಜ್ಜಿ ಲೇಹ್ಯಕ್ಕೆ ಹಿಪ್ಪಲಿ ಹಾಕುವಾಗಲೂ “ಎರಡು ರೂಪಾಯಿ ತೂಕ” ಎನ್ನುತ್ತಿದ್ದಳು. ಬೆಲೆ ಹೇಳುತ್ತಿದ್ದಾಳೆ ಎಂದುಕೊಂಡಿದ್ದೆ.

ಏಳನೇ ಎಡ್ವರ್ಡನ 1907ರ ರೂಪಾಯಿ 11.41 ಗ್ರಾಂ ತೂಗಿತು. ಕಾಲು ಗ್ರಾಂ ಎಲ್ಲಿ ಹೋಯಿತು? ಕೈಯಿಂದ ಕೈಗೆ ದಾಟುತ್ತಾ ಸ್ವಲ್ಪ ಸವೆದಿರಬೇಕು. ಉಳಿದದ್ದು ನನಗೆ ಗೊತ್ತು. ಪ್ರತಿ ಹಬ್ಬಕ್ಕೂ ಅಜ್ಜಿ ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕಿ ರಾಜನ ಗಡ್ಡವನ್ನೇ ಅಳಿಸಿದ್ದಳು, ತೊಳೆದ ನೀರನ್ನು ದಾಸವಾಳದ ಬುಡಕ್ಕೆ ಸುರಿಯುತ್ತಿದ್ದಳು. ಗಿಡದ ಬುಡದಲ್ಲಿ ಗುಂಜಿಯಷ್ಟಾದರೂ ಬೆಳ್ಳಿ ಇದ್ದೀತು.

ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು, ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ತಾಗದಂತೆ ಮುಳುಗಿಸಿದೆ. ಆಗ ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಸುಲಭವೆನಿಸುತ್ತದೆ. ಆದರೆ ಅಂಚಿನ ಹಲ್ಲುಗಳಿಗೆ ಗಾಳಿಗುಳ್ಳೆಗಳು ಸಾಸಿವೆಯಂತೆ ಅಂಟಿಕೊಂಡು ಲೆಕ್ಕ ಕೆಡಿಸುತ್ತವೆ. ಪಾತ್ರೆ ತೊಳೆಯುವ ಸೋಪಿನ ಒಂದು ಹನಿ ಬಿಟ್ಟ ಮೇಲೆ ಗುಳ್ಳೆಗಳು ಜಾಗ ಬಿಟ್ಟವು. ಎಡ್ವರ್ಡ್ 1.11 ತೋರಿಸಿದ: ಸಾಂದ್ರತೆ 10.28. ಅಪ್ಪಟ ಬೆಳ್ಳಿಯದು 10.49, ತಾಮ್ರದ್ದು 8.96. ನೂರಕ್ಕೆ ಸುಮಾರು 92 ಪಾಲು ಬೆಳ್ಳಿಯಿರುವ ರೂಪಾಯಿಗೆ ಇದು ಒಪ್ಪುವ ಲೆಕ್ಕ. 1943ರ ಆರನೇ ಜಾರ್ಜ್ ಮಾತ್ರ 9.51ಕ್ಕೆ ನಿಂತ. ಯುದ್ಧಕಾಲದಲ್ಲಿ, 1940ರಿಂದ, ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿ ತಾಮ್ರ, ನಿಕ್ಕಲ್, ಸತು ಬೆರೆಸಿದ್ದರು. ಕಲಬೆರಕೆ ಮಾಡಿದ್ದು ಸರ್ಕಾರವೇ ಆದ್ದರಿಂದ ಅದು ಕಾನೂನು.

ಕೊನೆಗೆ ನನ್ನ ವಿಕ್ಟೋರಿಯಾ. ನೀರಿನವರೆಗೆ ಹೋಗಬೇಕಾಗಿಯೇ ಬರಲಿಲ್ಲ. ತೂಕ 9.80 ಗ್ರಾಂ! ಎಷ್ಟು ಹುಣಸೆಹಣ್ಣು ತಿಕ್ಕಿದರೂ ಇಷ್ಟು ಸವೆಯಲಾರದು. ಮೇಲಾಗಿ ರಾಣಿಯ ಜಡೆಯ ಎಳೆಗಳು ಹೊಸದಾಗಿ ಹೆಣೆದಂತಿದ್ದವು.

ಅಮ್ಮ ನಗಲಿಲ್ಲ. ಹುಲಿಯನ್ನೂ ಅರೆಬೆಳ್ಳಿಯ ಜಾರ್ಜನನ್ನೂ ಉಳಿದವುಗಳ ಜೊತೆಗೇ ಒರೆಸಿ, ಕುಂಕುಮವಿಟ್ಟು ಡಬ್ಬಿಗೆ ಹಾಕಿದಳು. ನನ್ನದನ್ನು ಕಟ್ಟೆಯ ಮೇಲೇ ಬಿಟ್ಟಳು. ಆಮೇಲೆ ತಕ್ಕಡಿಯನ್ನೇ ಒಂದು ಗಳಿಗೆ ನೋಡಿ, ಕಿವಿಯ ಓಲೆಗೆ ಕೈ ಹಾಕಿದಳು.

“ಇದು ಚಿನ್ನವನ್ನೂ ಹೇಳುತ್ತದೆಯೇ? ಮದುವೆಯ ವರ್ಷ ನಿಮ್ಮಪ್ಪ ಮಾಡಿಸಿಕೊಟ್ಟದ್ದು.”

ನಡುಮನೆಯಲ್ಲಿ ಪತ್ರಿಕೆಯ ಹಾಳೆ ತಿರುಗಿಸುವ ಸದ್ದು ನಿಂತಿತು.