ನಾಲ್ಕನೆಯ ಸ್ಥಾನದ ಬೆಳಗು, ಚಿನ್ನದ ಸಂಜೆ

2021ರ ಆಗಸ್ಟ್ 7ರಂದು ಬೆಳಗಿನ ಜಾವವೇ ಎದ್ದು ಟೋಕಿಯೊ ಒಲಿಂಪಿಕ್ಸ್ ನೋಡಲು ಟಿವಿ ಮುಂದೆ ಕುಳಿತಿದ್ದೆ. ಗಾಲ್ಫ್ ಎಂದರೆ ದುಡ್ಡಿರುವವರ ಆಟ ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಆದರೂ ‘ಬರ್ಡಿ’ ಎಂದರೇನು, ‘ಬೋಗಿ’ ಎಂದರೇನು ಎಂದು ಮೊಬೈಲಿನಲ್ಲಿ ಹುಡುಕುತ್ತಾ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಆಡುವುದನ್ನು ಉಸಿರು ಬಿಗಿಹಿಡಿದು ನೋಡಿದೆ. ಬ್ಯಾಗು ಹೊತ್ತು ಮಗಳ ಜೊತೆ ನಡೆಯುತ್ತಿದ್ದವರು ಅವರ ತಾಯಿ. ಒಂದೇ ಒಂದು ಹೊಡೆತದಲ್ಲಿ ಕಂಚು ಕೈತಪ್ಪಿತು. ಹಾಸನದ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ‘ಛೆ, ಪಾಪ’ ಎಂದು ಇಬ್ಬರು ಬರೆದರು. ಮೂರನೆಯವನು ಊರಿನ ಮಳೆಯ ಸುದ್ದಿ ಎತ್ತಿದ. ಅಲ್ಲಿಗೆ ಮುಗಿಯಿತು.

ಅದೇ ದಿನ ಸಂಜೆ ನಾನಿರುವ ಪಾಣಿಪತ್ತಿನಲ್ಲಿ ಪಟಾಕಿ ಶುರುವಾಯಿತು. ಇದೇ ಜಿಲ್ಲೆಯ ಖಂಡ್ರಾ ಗ್ರಾಮದ ನೀರಜ್ ಚೋಪ್ರಾ ಎಸೆದ ಜಾವೆಲಿನ್ 87.58 ಮೀಟರ್ ದೂರ ಹೋಗಿ ಬಿದ್ದು ಚಿನ್ನ ತಂದಿತ್ತು. ಹಾಲಿನ ಅಂಗಡಿಯವನು ಲಡ್ಡುವನ್ನು ಕೈಗೆ ಕೊಡಲಿಲ್ಲ, ಸೀದಾ ನನ್ನ ಬಾಯಿಗೇ ತುರುಕಿದ. ‘ಮ್ಹಾರಾ ಛೋರಾ!’ ಅಂದರೆ ನಮ್ಮ ಹುಡುಗ. ಈತನದು ಖಂಡ್ರಾ ಅಲ್ಲ. ನೀರಜನನ್ನು ಒಮ್ಮೆಯೂ ಕಂಡವನಲ್ಲ. ಆದರೆ ಆ ಹುಡುಗ ಚಿಕ್ಕವನಿದ್ದಾಗ ದಢೂತಿಯಾಗಿದ್ದದ್ದು, ಮೈ ಇಳಿಯಲಿ ಎಂದು ಮನೆಯವರು ಪಾಣಿಪತ್ತಿನ ಕ್ರೀಡಾಂಗಣಕ್ಕೆ ಕಳಿಸಿದ್ದು, ಅವನಿಗೆ ಚೂರ್ಮಾ ಎಂಬ ತುಪ್ಪದ ಸಿಹಿ ಎಂದರೆ ಪ್ರಾಣ ಎನ್ನುವುದು, ಎಲ್ಲವನ್ನೂ ಸ್ವಂತ ಅಣ್ಣನ ಮಗನ ವಿಷಯದಂತೆ ಹೇಳಿದ.

ಹರಿಯಾಣ ಸರ್ಕಾರ ನೀರಜ್‌ಗೆ ಘೋಷಿಸಿದ 6 ಕೋಟಿ ರೂಪಾಯಿ ನನ್ನ ಹೊಟ್ಟೆ ಉರಿಸಲಿಲ್ಲ. ಆ ಸಲ ನಾಲ್ಕನೆಯ ಸ್ಥಾನ ಪಡೆದ ಮಹಿಳಾ ಹಾಕಿ ತಂಡದಲ್ಲಿ ಈ ರಾಜ್ಯದವರು ಒಂಬತ್ತು ಮಂದಿ. ಅವರಿಗೆ ತಲಾ 50 ಲಕ್ಷ ಎಂದಾಗ ಮಾತ್ರ ಬೆಳಗಿನ ಅದಿತಿ ನೆನಪಾದರು, ನಿಜ. ಆದರೆ ನನಗೆ ಹೆಚ್ಚು ಚುಚ್ಚಿದ್ದು ಹಾಲಿನವನ ಒಂದು ಪ್ರಶ್ನೆ. ‘ಬಾಬೂಜಿ, ನಿಮ್ಮ ಕಡೆ ಚಿನ್ನ ಗೆದ್ದವರು ಯಾರು?’ (ಹನ್ನೊಂದು ವರ್ಷವಾದರೂ ಅವನ ಪಾಲಿಗೆ ನಾನು ಮದ್ರಾಸಿಯೇ, ಅದು ಬೇರೆ ಮಾತು.) ತಕ್ಷಣ ಒಂದು ಹೆಸರೂ ಹೊಳೆಯಲಿಲ್ಲ. ಮನೆಗೆ ಬಂದು, ಯಾರಿಗೂ ಹೇಳದೆ, ಹುಡುಕಿದೆ. 1980ರ ಮಾಸ್ಕೋದಲ್ಲಿ ಚಿನ್ನ ಗೆದ್ದ ಹಾಕಿ ತಂಡದಲ್ಲಿ ಕೊಡಗಿನ ಎಂ.ಎಂ. ಸೋಮಯ್ಯ ಇದ್ದರು. 1972ರ ಮ್ಯೂನಿಕ್ ಕಂಚಿನ ತಂಡದಲ್ಲಿ ಎಂ.ಪಿ. ಗಣೇಶ್, ಬಿ.ಪಿ. ಗೋವಿಂದ. ಇನ್ನೂ ಹಿಂದೆ, 1920ರಷ್ಟು ಹಿಂದೆ, ಬೆಳಗಾವಿಯ ಫಡೆಪ್ಪ ಚೌಗುಲೆ ಆಂಟ್‌ವರ್ಪ್‌ನಲ್ಲಿ ಮ್ಯಾರಥಾನ್ ಓಡಿದ್ದರು. ಮಾಸ್ಕೋ ಚಿನ್ನದ ನಂತರ ಹುಟ್ಟಿ, ಹಾಸನದಲ್ಲೇ ಬೆಳೆದ ನಾನು ಪಕ್ಕದ ಜಿಲ್ಲೆಯ ಸೋಮಯ್ಯನವರ ಹೆಸರು ತಿಳಿಯಲು ಪಾಣಿಪತ್ತಿಗೆ ಬರಬೇಕಾಯಿತು.

ಹಾಗೆಂದು ಇಲ್ಲಿನದೆಲ್ಲ ಸೊಗಸು ಎನ್ನಲಾರೆ. ನೀರಜ್ ಊರಿಗೆ ಬಂದ ದಿನ ಸ್ವಾಗತದ ನೂಕುನುಗ್ಗಲಿನ ನಡುವೆ ಮೈ ಹುಷಾರಿಲ್ಲದೆ ಕಾರ್ಯಕ್ರಮದ ಮಧ್ಯದಲ್ಲೇ ಎದ್ದು ಹೋಗಬೇಕಾಯಿತು. ಇಲ್ಲಿ ಪ್ರೀತಿಯೆಂದರೆ ಮೈಮೇಲೆ ಬೀಳುವುದು. ಅದೇ ಪ್ರೀತಿ 2024ರಲ್ಲಿ, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಗ್ರಾಂ ತೂಕ ಹೆಚ್ಚಾಗಿ ಅನರ್ಹರಾಗಿ ಬರಿಗೈಯಲ್ಲಿ ಬಂದ ಕುಸ್ತಿಪಟು ವಿನೇಶ್ ಫೋಗಟ್ ಅವರನ್ನೂ ಬಿಡಲಿಲ್ಲ. ದೆಹಲಿಯಿಂದ ಅವರ ಊರು ಬಲಾಲಿಗೆ ಸುಮಾರು 135 ಕಿಲೋಮೀಟರ್. ದಾರಿಯುದ್ದಕ್ಕೂ ಊರೂರಿನವರು ತಡೆದು ಹಾರ ಹಾಕಿದ್ದರಿಂದ ಅದಕ್ಕೆ ಹಿಡಿದದ್ದು 13 ಗಂಟೆ. ಪದಕವಿಲ್ಲದವರಿಗೆ ನಡುರಾತ್ರಿಯವರೆಗೆ ಕಾಯುವ ಊರು! ನಾವು ‘ಪಾಪ’ ಎನ್ನುವುದಕ್ಕೂ ಇದಕ್ಕೂ ಎಷ್ಟು ದೂರ.

ನಮ್ಮಲ್ಲೂ ಒಂದು ಬಗೆ ಇದೆ, ಕೊಡಗಿನಲ್ಲಿ. ತಂಗಿಯನ್ನು ಕುಶಾಲನಗರಕ್ಕೆ ಕೊಟ್ಟಿರುವುದರಿಂದ 2024ರ ಏಪ್ರಿಲ್‌ನಲ್ಲಿ ನಾಪೋಕ್ಲುವಿಗೆ ಹೋಗಿ ಕೊಡವ ಹಾಕಿ ಉತ್ಸವ ನೋಡಿದೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ 60 ಕುಟುಂಬಗಳೊಂದಿಗೆ ಆರಂಭಿಸಿದ್ದು 2024ರಲ್ಲಿ 360 ಕುಟುಂಬಗಳ ತಂಡಗಳಾಗಿದ್ದವು. ಆತಿಥ್ಯ ವರ್ಷಕ್ಕೊಂದು ಕುಟುಂಬದ್ದು; ಆ ಸಲ ಕುಂಡ್ಯೋಳಂಡದವರದು. ನಾನು ನೋಡಿದ ಪಂದ್ಯದಲ್ಲಿ ಅರವತ್ತು ದಾಟಿದ ಅಜ್ಜಿಯೊಬ್ಬರು ಸ್ಟಿಕ್ ಹಿಡಿದು ನಿಂತಿದ್ದರು. ಚೆಂಡು ಅವರ ಕಾಲಸಂದಿಯಲ್ಲೇ ದಾಟಿ ಹೋಯಿತು. ಹಿಂದಿನಿಂದ ಮೊಮ್ಮಗ ಓಡಿಬಂದು ತಡೆದ. ಅಜ್ಜಿ ತಿರುಗಿ ಅವನನ್ನೇ ಗದರಿದರು, ಎಲ್ಲಿ ಹೋಗಿದ್ದೆ ಎಂದು.

ಹರಿಯಾಣದವರು ಗೆದ್ದವನನ್ನು ಹೊತ್ತು ಮೆರೆಸುತ್ತಾರೆ. ಕೊಡಗಿನವರು ಮನೆಮಂದಿಯನ್ನೆಲ್ಲ ಮೈದಾನಕ್ಕೆ ಇಳಿಸುತ್ತಾರೆ. ಉಳಿದ ಕರ್ನಾಟಕದ ನಾವು ಎರಡನ್ನೂ ಮಾಡದೆ ಅಂಕಣ ಓದುತ್ತೇವೆ, ಈಗ ನೀವು ಓದುತ್ತಿರುವ ಹಾಗೆ.

ಪಾಣಿಪತ್ತಿಗೆ ಮರಳಿದ ಮೇಲೆ ಹಾಲಿನವನಿಗೆ ಮೊಬೈಲಿನಲ್ಲಿ ಅಜ್ಜಿಯ ಫೋಟೋ ತೋರಿಸಿ, ಸೋಮಯ್ಯನವರ ಚಿನ್ನದ ಸಂಗತಿಯನ್ನೂ ತಡವಾಗಿ ಒಪ್ಪಿಸಿದೆ. ಚಿನ್ನದ ಬಗ್ಗೆ ಅವನು ಹೆಚ್ಚೇನೂ ಕೇಳಲಿಲ್ಲ. ಫೋಟೋವನ್ನು ಹಿಗ್ಗಿಸಿ ನೋಡಿ, ‘ಈ ವಯಸ್ಸಿನಲ್ಲಿ ಆಡುತ್ತಾರೆಂದರೆ ತಾಯಿ ತಿನ್ನುವುದೇನು? ತುಪ್ಪವೋ, ಮೊಸರೋ?’ ಎಂದ. ಅಕ್ಕಿ ರೊಟ್ಟಿ ಎಂದೆ. ಅವನು ಕಟ್ಟಾ ಸಸ್ಯಾಹಾರಿ. ಪಂದಿ ಕರಿಯ ವಿಷಯ ಎತ್ತಲಿಲ್ಲ.