ಸೊನ್ನೆ ಮರೆತವರೂ ಶೂ ನೆನೆದವರೂ

ಊರಿಗೆ ಮರಳಿ ಇಂದಿಗೆ ಒಂಬತ್ತು ದಿನಗಳಾದವು; ನನ್ನ ಶೂ ಇನ್ನೂ ಒಣಗಿಲ್ಲ. ಹಳೆಯ ಪತ್ರಿಕೆಗಳನ್ನು ಉಂಡೆ ಮಾಡಿ ಅದರ ಹೊಟ್ಟೆಗೆ ತುರುಕಿದ್ದಾಯಿತು, ಗ್ಯಾಸ್ ಒಲೆಯ ಬಳಿ ಇಟ್ಟು ಬೈಸಿಕೊಂಡದ್ದಾಯಿತು, ಫ್ರಿಜ್ಜಿನ ಹಿಂಬದಿಯ ಬಿಸಿಗೆ ಒರಗಿಸಿದ್ದೂ ಆಯಿತು. ಮಂಗಳೂರಿನ ಆಷಾಢದಲ್ಲಿ ಒಗೆದ ಕರವಸ್ತ್ರವೇ ಮೂರು ದಿನ ಹಗ್ಗದ ಮೇಲೆ ತೂಗಾಡಿ ಕಡೆಗೆ ಮುಗ್ಗಲು ವಾಸನೆಯೊಂದಿಗೆ ಒಳಗೆ ಬರುತ್ತದೆ ಎಂಬುದನ್ನು ಕರಾವಳಿಯವರಿಗೆ ನಾನು ಹೇಳಬೇಕಾಗಿಲ್ಲ. ಆದರೆ ಈ ಶೂ ನೆನೆದದ್ದು ನಮ್ಮೂರ ಮಳೆಯಲ್ಲಿ ಅಲ್ಲ ಎಂಬುದೇ ನನ್ನ ಹೊಟ್ಟೆಯುರಿ. ಅದು ನೆನೆದದ್ದು ವಿಯೆಟ್ನಾಮಿನ ಡಾ ನಾಂಗ್ ಎಂಬ ಕಡಲತೀರದ ನಗರದಲ್ಲಿ, ಆಕಾಶದಲ್ಲಿ ಒಂದು ತುಣುಕು ಮೋಡವೂ ಇಲ್ಲದ ಶನಿವಾರದ ರಾತ್ರಿ, ಸೇತುವೆಯ ಮೇಲೆ ಮಲಗಿರುವ ಉಕ್ಕಿನ ಡ್ರ್ಯಾಗನ್ನೊಂದರ ಬಾಯಿಂದ ಸುರಿದ ನೀರಿನಲ್ಲಿ.

ಮಳೆಯಿಂದ ತಪ್ಪಿಸಿಕೊಳ್ಳಲೆಂದೇ ಅಲ್ಲಿಗೆ ಹೋದವನು ನಾನು. ಜುಲೈ ತಿಂಗಳಿನಲ್ಲಿ ಎಲ್ಲಿ ಬಿಸಿಲಿರುತ್ತದೆ ಎಂದು ಅಳಿಯನನ್ನು ಕೇಳಿದಾಗ ಅವನು ಭೂಗೋಳದ ಮೇಷ್ಟರಂತೆ ವಿವರಿಸಿದ್ದ. ಅಲ್ಲಿಯೂ ನಮ್ಮಲ್ಲಿರುವಂತೆ ಘಟ್ಟವಿದೆ, ಆದರೆ ಅದು ಇರುವುದು ಪಶ್ಚಿಮಕ್ಕೆ, ಕಡಲು ಪೂರ್ವಕ್ಕೆ. ಆದ್ದರಿಂದ ನೈಋತ್ಯ ಮುಂಗಾರು ತನ್ನ ನೀರನ್ನೆಲ್ಲ ಲಾವೋಸಿನ ಕಡೆಯ ಇಳಿಜಾರಿನಲ್ಲೇ ಖಾಲಿ ಮಾಡಿ, ಈಚೆಗೆ ಬರೀ ಒಣ ಬಿಸಿಗಾಳಿಯನ್ನು ಕಳುಹಿಸುತ್ತದೆ. ಅವರ ಮಳೆಗಾಲ ಶುರುವಾಗುವುದೇ ಸೆಪ್ಟೆಂಬರ್ ಕಳೆದ ಮೇಲೆ. ಇಷ್ಟು ಖಚಿತವಾದ ವಿಜ್ಞಾನದ ಬಲವಿದ್ದುದರಿಂದಲೇ, ಮಡದಿಯು ಸೂಟ್‌ಕೇಸಿನಲ್ಲಿ ಕೊಡೆಯನ್ನು ಇಡುತ್ತಿದ್ದಾಗ ನಾನು ಮನೆಯವರೆಲ್ಲರ ಎದುರಿನಲ್ಲಿ ನಕ್ಕಿದ್ದೆ. ಅವಳು ಏನನ್ನೂ ಹೇಳದೆ ಕೊಡೆಯನ್ನು ಇನ್ನಷ್ಟು ಒಳಕ್ಕೆ ಒತ್ತಿದಳು. ಮೂವತ್ತೊಂದು ವರ್ಷಗಳ ದಾಂಪತ್ಯದಲ್ಲಿ ಆ ಮೌನದ ಅರ್ಥ ನನಗೆ ತಿಳಿದಿರಬೇಕಿತ್ತು.

ಸಂಜೆಯ ಆ ಪ್ರವಾಸವನ್ನು ಗೊತ್ತುಮಾಡಿದವನೂ ಅಳಿಯನೇ. ‘ಸಣ್ಣ ಗುಂಪು ಮಾವ, ಹತ್ತು ಜನರಿಗಿಂತ ಹೆಚ್ಚಿಲ್ಲ, ಹಾಯಾಗಿರುತ್ತದೆ’ ಎಂದು ಅವನು ಹೇಳಿದ್ದ. ಸಣ್ಣ ಗುಂಪು ಹಾಯಾಗಿರುತ್ತದೆ ಎಂಬುದು ಸಣ್ಣ ಗುಂಪಿನಲ್ಲಿ ಹೋಗದವರ ಅಭಿಪ್ರಾಯ. ಐವತ್ತು ಜನರ ಬಸ್ಸಿನಲ್ಲಿ ಒಬ್ಬರ ಮಾತು ರುಚಿಸದಿದ್ದರೆ ಹಿಂದಿನ ಸೀಟಿಗೆ ಹೋಗಿ ನಿದ್ದೆ ನಟಿಸಬಹುದು. ಹತ್ತು ಜನರ ವ್ಯಾನಿನಲ್ಲಿ ಹಿಂದಿನ ಸೀಟು ಎಂಬುದೇ ಇರುವುದಿಲ್ಲ, ಇದ್ದರೂ ಅದು ಅವರ ಪಕ್ಕದ ಸೀಟೇ ಆಗಿರುತ್ತದೆ. ನಮ್ಮ ಗುಂಪಿನಲ್ಲಿ ಕೊರಿಯಾದ ನಾಲ್ವರ ಒಂದು ಕುಟುಂಬ, ಆಸ್ಟ್ರೇಲಿಯಾದ ಇಬ್ಬರು ಹುಡುಗಿಯರು, ನಾವಿಬ್ಬರು, ಮತ್ತು ದಾವಣಗೆರೆ ಕಡೆಯ ಹಿರಿಯ ದಂಪತಿ ಇದ್ದೆವು. ಪರದೇಶದಲ್ಲಿ ಕನ್ನಡದ ದನಿ ಕೇಳಿ ನನಗೆ ಆದ ಸಂತೋಷವು ಸರಿಸುಮಾರು ಹನ್ನೆರಡು ನಿಮಿಷಗಳ ಕಾಲ ಬಾಳಿತು.

ಮಾರ್ಗದರ್ಶಿಯಾಗಿ ಬಂದಾಕೆ ಇಪ್ಪತ್ತೈದರ ಆಸುಪಾಸಿನ ಚುರುಕು ಹುಡುಗಿ. ಅವರ ಭಾಷೆಯಲ್ಲಿಯೂ ಎದುರಿಗಿರುವವರನ್ನು ವಯಸ್ಸು ನೋಡಿ, ನಂಟಸ್ತಿಕೆಯ ಮಾತಿನಿಂದಲೇ ಕರೆಯುತ್ತಾರಂತೆ. ದಾವಣಗೆರೆಯವರನ್ನು ಅವಳು ‘ಬಾಕ್’ ಎಂದಳು, ಅಂದರೆ ದೊಡ್ಡಪ್ಪ. ನನ್ನನ್ನು ‘ಚೂ’ ಎಂದಳು, ಅಂದರೆ ಚಿಕ್ಕಪ್ಪ. ಚಿಕ್ಕಪ್ಪನಾದದ್ದಕ್ಕೆ ನಾನು ಒಳಗೊಳಗೇ ಹಿಗ್ಗಿದೆನಾದರೂ, ಸಂಜೆಯುದ್ದಕ್ಕೂ ಒಬ್ಬ ಹುಡುಗಿ ಹಿಂದಿನಿಂದ ‘ಚೂ! ಚೂ!’ ಎಂದು ಕೂಗುವಾಗಲೆಲ್ಲ, ಯಾರೋ ನನ್ನ ಮೇಲೆ ನಾಯಿಯನ್ನು ಛೂ ಬಿಡುತ್ತಿದ್ದಾರೆಂದು ಬೆಚ್ಚಿ ತಿರುಗುವುದು ಮಾತ್ರ ತಪ್ಪಲಿಲ್ಲ.

ಇನ್ನು ದೊಡ್ಡಪ್ಪನವರ ವಿಚಾರ. ಅವರನ್ನು ನಾನು ಯಜಮಾನರು ಎಂದೇ ಕರೆಯುತ್ತೇನೆ. ಒಳ್ಳೆಯವರು, ಧಾರಾಳಿಗಳು, ವ್ಯಾನು ಹೊರಡುವ ಮೊದಲೇ ಎಲ್ಲರಿಗೂ ಖಾರಾ ಮಂಡಕ್ಕಿ ಹಂಚಿದವರು. ಅವರಲ್ಲಿದ್ದ ಚಟ ಒಂದೇ: ಕಣ್ಣಿಗೆ ಬಿದ್ದ ಪ್ರತಿಯೊಂದರ ಬೆಲೆಯನ್ನೂ ಅವರು ರೂಪಾಯಿಗೆ ತಿರುಗಿಸಬೇಕು, ತಿರುಗಿಸಿದ್ದನ್ನು ನನಗೆ ಹೇಳಬೇಕು, ಮತ್ತು ಅದೇ ವಸ್ತು ದಾವಣಗೆರೆಯಲ್ಲಿ ಎಷ್ಟಕ್ಕೆ ಸಿಗುತ್ತದೆಂಬುದರ ಮೇಲೆ ನನ್ನ ಒಪ್ಪಿಗೆಯನ್ನು ಪಡೆಯಬೇಕು. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಬರುವ ದೇಶದಲ್ಲಿ ಇದು ಸಣ್ಣ ಕೆಲಸವಲ್ಲ. ಅಲ್ಲಿ ಎಳನೀರು ಕುಡಿದರೂ ಹತ್ತಾರು ಸಾವಿರ, ಊಟ ಮಾಡಿದರೆ ಲಕ್ಷ. ಯಜಮಾನರು ಇದಕ್ಕೊಂದು ಸೂತ್ರವನ್ನು ಕಂಡುಹಿಡಿದಿದ್ದರು. ‘ನೋಡ್ರಿ ಸಾರ್, ಮೂರು ಸೊನ್ನೆ ತೆಗೀರಿ, ಮೂರರಿಂದ ಭಾಗಿಸ್ರಿ, ಒಂದು ಸೊನ್ನೆ ಸೇರಿಸ್ರಿ. ಮೂವತ್ತು ಸಾವಿರ ಅಂದ್ರೆ ಮೂವತ್ತು, ಮೂರರಿಂದ ಭಾಗಿಸಿದ್ರೆ ಹತ್ತು, ಸೊನ್ನೆ ಸೇರಿಸಿದ್ರೆ ನೂರು ರೂಪಾಯಿ. ಮುಗೀತಲ್ಲ?’ ಸೂತ್ರದಲ್ಲಿ ದೋಷವಿರಲಿಲ್ಲ. ಆದರೆ ಆ ಊರಿನ ಅಂಗಡಿಯವರು ಸಾವಿರವನ್ನು ಬಾಯಲ್ಲೇ ನುಂಗಿ, ಐವತ್ತು ಸಾವಿರಕ್ಕೆ ಬರೀ ‘ಫಿಫ್ಟಿ’ ಎನ್ನುತ್ತಾರೆ. ಅಂದರೆ ತೆಗೆಯಬೇಕಾದ ಸೊನ್ನೆಗಳನ್ನು ಅವರೇ ಮೊದಲು ತೆಗೆದಿರುತ್ತಾರೆ. ಸೊನ್ನೆಯ ಕೆಲಸವೆಲ್ಲ ಆಗಿಹೋಯಿತೆಂದು ಭಾವಿಸಿದ ಯಜಮಾನರು ಕೊನೆಯಲ್ಲಿ ಸೇರಿಸಬೇಕಾದ ಒಂದನ್ನೂ ಮರೆಯತೊಡಗಿದರು. ಇದು ನಮಗೆ ತಿಳಿದದ್ದು ಬಹಳ ತಡವಾಗಿ.

ಮೊದಲು ನಮ್ಮನ್ನು ಕರೆದೊಯ್ದದ್ದು ಸೋನ್ ಚಾ ಗುಡ್ಡದ ಲಿನ್ ಉಂಗ್ ವಿಹಾರಕ್ಕೆ. ಅಲ್ಲಿ 67 ಮೀಟರ್ ಎತ್ತರದ ಬಿಳಿಯ ದೇವಿ ಕಡಲಿನತ್ತ ಮುಖ ಮಾಡಿ ನಿಂತಿದ್ದಾಳೆ. ಬುದ್ಧನ ಕರುಣೆಯೇ ಹೆಣ್ಣುರೂಪ ತಾಳಿದ್ದು, ನಮ್ಮ ಅವಲೋಕಿತೇಶ್ವರನೇ ಪೂರ್ವದೇಶಗಳಿಗೆ ಹೋಗಿ ತಾಯಿಯಾದದ್ದು. ಮಂಗಳೂರಿನವನಾದ ನನಗೆ ಕದ್ರಿ ದೇವಸ್ಥಾನದ ಕಂಚಿನ ಲೋಕೇಶ್ವರ ನೆನಪಾದ. 968ರಲ್ಲಿ ಆಳುಪ ದೊರೆ ಕುಂದವರ್ಮನು ಪ್ರತಿಷ್ಠಾಪಿಸಿದ ಆ ಮೂರ್ತಿಯೂ ಇದೇ ಅವಲೋಕಿತೇಶ್ವರನದು, ಚಿಕ್ಕಂದಿನಲ್ಲಿ ಅಮ್ಮನ ಸೆರಗು ಹಿಡಿದು ಎಷ್ಟೋ ಸಲ ಅದರ ಮುಂದೆ ನಿಂತಿದ್ದೇನೆ. ಕೆಳಗೆ ಕತ್ತಲಾಗುತ್ತಿದ್ದ ಕಡಲಿನಲ್ಲಿ ಮೀನುಗಾರರ ದೋಣಿಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು. ಮೀನುಗಾರಿಕೆಗೆ ರಜೆಯಿರುವ ಈ ತಿಂಗಳಿನಲ್ಲಿ ನಮ್ಮ ಬಂದರಿನ ದಕ್ಕೆಯಲ್ಲಿ ದೋಣಿಗಳು ಒಂದಕ್ಕೊಂದು ಒರಗಿ, ಮಳೆಗೆ ಮೈಕೊಟ್ಟು ನಿಂತಿರುತ್ತವೆ. ಅಮ್ಮನಿಗೆ ಈ ದೇವಿಯನ್ನೊಮ್ಮೆ ತೋರಿಸಬಹುದಾಗಿತ್ತು ಎನಿಸಿ ಸುಮ್ಮನೆ ನಿಂತಿದ್ದೆ. ಅಷ್ಟರಲ್ಲಿ ಪಕ್ಕದಿಂದ ದನಿ ಬಂತು: ‘ಸಾರ್, ಇಷ್ಟೆತ್ತರದ್ದು ಕಟ್ಟಕ್ಕೆ ಎಷ್ಟು ಸೊನ್ನೆ ಆಗಿರಬಹುದು?’

ಊಟದ ಹೋಟೆಲಿನಲ್ಲಿ ನಡೆದದ್ದನ್ನು ಬೇಗ ಹೇಳಿಬಿಡುತ್ತೇನೆ. ಅಲ್ಲಿನ ಖ್ಯಾತ ತಿಂಡಿ ಬಾನ್ ಸೆಯೊ ಎಂಬುದು ಅರಿಸಿನ ಬೆರೆಸಿದ ಅಕ್ಕಿಹಿಟ್ಟಿನ ದೋಸೆ. ‘ಸೆಯೊ’ ಎಂಬುದು ಹಿಟ್ಟು ಕಾವಲಿಗೆ ಬಿದ್ದಾಗ ಬರುವ ಸದ್ದಂತೆ, ನಮ್ಮ ಚೊಂಯ್ ಇದ್ದ ಹಾಗೆ. ಒಳಗೆ ಸಿಗಡಿಯನ್ನೂ ಹಂದಿಮಾಂಸವನ್ನೂ ಇಡುತ್ತಾರೆ. ಯಜಮಾನ ದಂಪತಿ ಶುದ್ಧ ಸಸ್ಯಾಹಾರಿಗಳು. ಅವರ ಭಾಷೆಯಲ್ಲಿ ಸಸ್ಯಾಹಾರಕ್ಕೆ ‘ಚಾಯ್’ ಎನ್ನುತ್ತಾರೆ. ಬಡಿಸುವವಳು ಬಂದು ‘ಚಾಯ್?’ ಎಂದು ಕೇಳಿದಾಗ, ಬೆಳಗಿನಿಂದ ಹಾಲು ಹಾಕಿದ ಚಹಾ ಕಾಣದೆ ಕಂಗಾಲಾಗಿದ್ದ ಯಜಮಾನರು ಮೂರು ಸಲ ತಲೆಯಾಡಿಸಿ ‘ಚಾಯ್, ಚಾಯ್, ಎರಡು ಚಾಯ್’ ಎಂದರು. ಅಣಬೆ ಮತ್ತು ಸೋಯಾ ಪನೀರು ತುಂಬಿದ ಎರಡು ನಿರಪಾಯಕಾರಿ ದೋಸೆಗಳು ಬಂದವು. ಧರ್ಮ ಉಳಿಯಿತು, ಚಹಾ ಬರಲಿಲ್ಲವೆಂಬ ದೂರನ್ನು ಮಾತ್ರ ಅವರು ರಾತ್ರಿಯವರೆಗೂ ಬಿಡಲಿಲ್ಲ.

ಅಲ್ಲಿಂದ ರಾತ್ರಿ ಸಂತೆಗೆ ಹೋಗುವ ದಾರಿಯಲ್ಲಿ ನನ್ನ ಶೂವಿನ ಹಣೆಬರಹ ನಿರ್ಧಾರವಾಯಿತು. ಮಾರ್ಗದರ್ಶಿ ಹುಡುಗಿ ವ್ಯಾನಿನ ಮುಂಭಾಗದಲ್ಲಿ ನಿಂತು, ಹಾನ್ ನದಿಯ ಡ್ರ್ಯಾಗನ್ ಸೇತುವೆಯ ಬಗ್ಗೆ ಹೇಳತೊಡಗಿದಳು. 2013ರ ಮಾರ್ಚ್ 29ರಂದು ಸಂಚಾರಕ್ಕೆ ತೆರೆದದ್ದು, 666 ಮೀಟರ್ ಉದ್ದ, ವಾರಾಂತ್ಯದ ರಾತ್ರಿ ಒಂಬತ್ತಕ್ಕೆ ಡ್ರ್ಯಾಗನ್ ಬೆಂಕಿ ಉಗುಳುತ್ತದೆ ಎಂಬಲ್ಲಿಯವರೆಗೆ ನಾನು ಕೇಳಿಸಿಕೊಂಡೆ. ಆಮೇಲಿನದು ಕೇಳಿಸಲಿಲ್ಲ, ಏಕೆಂದರೆ ಅದೇ ಹೊತ್ತಿಗೆ ಯಜಮಾನರು ನನ್ನ ಕಿವಿಯ ಪಕ್ಕದಲ್ಲಿ ಪೆಟ್ರೋಲ್ ಬಂಕಿನ ಬೋರ್ಡನ್ನು ರೂಪಾಯಿಗೆ ತಿರುಗಿಸುತ್ತಿದ್ದರು. ಹುಡುಗಿ ಎರಡೂ ಕೈಗಳನ್ನು ಮೇಲೆತ್ತಿ ಬೆರಳುಗಳನ್ನು ಕುಣಿಸುತ್ತ ಕೆಳಗಿಳಿಸಿದ್ದು ಮಾತ್ರ ಕಣ್ಣಿಗೆ ಬಿತ್ತು. ಬಾಣಬಿರುಸು ಇರಬೇಕೆಂದುಕೊಂಡೆ. ಮಡದಿ ತನ್ನ ಕೈಚೀಲವನ್ನು ತೆರೆದು ಏನನ್ನೋ ನೋಡಿ ಮತ್ತೆ ಮುಚ್ಚಿದಳು.

ಸಂತೆಯಲ್ಲಿ ಯಜಮಾನರ ಮುಖಕ್ಕೆ ಒಮ್ಮೆಲೇ ಕಳೆ ಬಂತು. ರೇಷ್ಮೆಯ ಬೀಸಣಿಗೆಯೊಂದಕ್ಕೆ ಅಂಗಡಿಯಾಕೆ ‘ಫಿಫ್ಟಿ’ ಎಂದಳು. ‘ಹದಿನಾರು ರೂಪಾಯಿ!’ ಎಂದು ಅವರು ಉದ್ಗರಿಸಿದರು. ಅಷ್ಟು ಅಗ್ಗದ ವಸ್ತುವನ್ನು ಬಿಟ್ಟುಬರುವುದು ಅಪರಾಧವೆಂದು ಸೊಸೆಯಂದಿರು, ನಾದಿನಿಯರು, ಪಕ್ಕದ ಮನೆಯವರು ಎಂದು ಲೆಕ್ಕ ಹಾಕಿ ಎಂಟು ಬೀಸಣಿಗೆಗಳನ್ನು ಕಟ್ಟಿಸಿದರು. ಮಧ್ಯೆ ಮೂಗು ತೂರಿಸಿ ಲೆಕ್ಕ ತಿದ್ದಬಹುದಾಗಿದ್ದ ನಾನು, ಆ ಸಂಜೆ ಮೊದಲ ಬಾರಿಗೆ ಅವರು ನನ್ನ ಒಪ್ಪಿಗೆಯನ್ನು ಕೇಳದಿರುವ ಸುಖದಲ್ಲಿ ಮೈಮರೆತಿದ್ದೆ. ನಿಜ ಹೊರಬಿದ್ದದ್ದು ಕಬ್ಬಿನ ಹಾಲಿನ ಗಾಡಿಯ ಬಳಿ. ಲೋಟಕ್ಕೆ ‘ಫಿಫ್ಟೀನ್’ ಎಂದಾಗ ಯಜಮಾನರು ‘ಐದೇ ರೂಪಾಯಿ’ ಎಂದರು. ಅಲ್ಲಿಯವರೆಗೆ ಒಂದು ಮಾತನ್ನೂ ಆಡದಿದ್ದ ಅವರ ಮನೆಯವರು ಶಾಂತವಾಗಿ ಕೇಳಿದರು: ‘ಐದು ರೂಪಾಯಿಗೆ ಕಬ್ಬಿನ ಹಾಲು ನಮ್ಮೂರಲ್ಲೇ ಇಲ್ವಲ್ರೀ?’

ಯಜಮಾನರು ಬೆರಳು ಮಡಚಿದರು. ಸೊನ್ನೆ ಸಿಕ್ಕಿತು. ಆಗ ಗಂಟೆ ಎಂಟೂವರೆ.

ಬೀಸಣಿಗೆಯವಳ ಅಂಗಡಿಯ ಮುಂದೆ ಆಮೇಲೆ ನಡೆದದ್ದನ್ನು ನೋಡಲು ಎರಡು ದೇಶಗಳ ಜನ ಸೇರಿದರು. ಆಕೆ ಕ್ಯಾಲ್ಕ್ಯುಲೇಟರಿನಲ್ಲಿ ಒಂದು ಅಂಕೆ ಒತ್ತಿ ಇವರಿಗೆ ಕೊಡುವುದು, ಇವರು ಅದನ್ನು ಅಳಿಸಿ ಇನ್ನೊಂದು ಅಂಕೆ ಒತ್ತಿ ಹಿಂದಿರುಗಿಸುವುದು. ಆಕೆ ತನ್ನ ಭಾಷೆಯಲ್ಲಿ, ಇವರು ದಾವಣಗೆರೆಯ ಕನ್ನಡದಲ್ಲಿ. ಇಬ್ಬರೂ ನನ್ನ ಕಡೆಗೆ ತಿರುಗಿ ನ್ಯಾಯ ಕೇಳುವುದು. ಕಬ್ಬಿನ ಹಾಲಿನ ದುಡ್ಡು ಕೊಡುವ ನೆವದಲ್ಲಿ ನಾನು ಗಾಡಿಯತ್ತ ತಪ್ಪಿಸಿಕೊಂಡೆ. ಲೆಕ್ಕ ಬಲ್ಲವನ ಗತ್ತಿನಲ್ಲಿ ನೀಲಿ ನೋಟೊಂದನ್ನು ಕೊಟ್ಟು ಹೊರಟೂಬಿಟ್ಟೆ. ಗಾಡಿಯ ಅಜ್ಜಿ ಹಿಂದೆಯೇ ಓಡಿಬಂದು ತೋಳು ಹಿಡಿದು ಆ ನೋಟನ್ನು ನನ್ನ ಮೂಗಿನ ಮುಂದೆ ಹಿಡಿದಳು. ಅಲ್ಲಿನ 20,000ದ ನೋಟೂ ನೀಲಿ, 5,00,000ದ ನೋಟೂ ನೀಲಿ, ಎರಡರಲ್ಲಿಯೂ ಹೋ ಚಿ ಮಿನ್ ಅವರದೇ ಮುಖ. ನಾನು ಕೊಟ್ಟದ್ದು ಐದು ಲಕ್ಷದ್ದು. ಹಲ್ಲಿಲ್ಲದ ಬಾಯಿಯಲ್ಲಿ ಗಟ್ಟಿಯಾಗಿ ನಕ್ಕು, ನನ್ನ ಕೈಯಲ್ಲಿದ್ದ ನೋಟುಗಳಿಂದ ಸರಿಯಾದದ್ದನ್ನು ತಾನೇ ಆರಿಸಿಕೊಂಡು, ಚಿಲ್ಲರೆ ಎಣಿಸಿಕೊಟ್ಟು ಹೋದಳು. ಈ ಸಂಗತಿಯನ್ನು ಯಜಮಾನರಿಗೆ ನಾನು ಇಂದಿಗೂ ತಿಳಿಸಿಲ್ಲ.

ಎಂಟು ಬೀಸಣಿಗೆಗಳನ್ನು ಹಿಂದಿರುಗಿಸಲು ಹೋದ ಯಜಮಾನರು, ಎರಡನ್ನು ಉಚಿತವಾಗಿ ಪಡೆದು ಹತ್ತು ಬೀಸಣಿಗೆಗಳೊಂದಿಗೆ ವಿಜಯಿಯಾಗಿ ಮರಳಿದಾಗ ಒಂಬತ್ತಕ್ಕೆ ಐದು ನಿಮಿಷ. ಗುಂಪು ಸಣ್ಣದಾದ್ದರಿಂದ ಯಾರನ್ನೂ ಬಿಟ್ಟು ಹೋಗುವಂತಿರಲಿಲ್ಲ. ಹುಡುಗಿ ‘ಚೂ! ಬಾಕ್!’ ಎನ್ನುತ್ತ ಮುಂದೆ ಓಡಿದಳು, ನಾವು ಹಿಂದೆ ಓಡಿದೆವು. ನದಿಯ ದಂಡೆಯಲ್ಲಿ ಎಳ್ಳು ಹಾಕಲೂ ಜಾಗವಿರಲಿಲ್ಲ. ವಾಹನಗಳನ್ನು ತಡೆದಿದ್ದ ಸೇತುವೆಯೂ ಗಿಜಿಗುಡುತ್ತಿತ್ತು. ಆದರೆ ಡ್ರ್ಯಾಗನ್ನಿನ ತಲೆಯ ನೇರಕ್ಕೆ, ಎಲ್ಲಕ್ಕಿಂತ ಒಳ್ಳೆಯ ನೋಟ ಸಿಗುವಲ್ಲಿ, ಒಂದು ದೊಡ್ಡ ಜಾಗ ಖಾಲಿ ಬಿದ್ದಿತ್ತು. ತುಂಬಿ ತುಳುಕುವ ಸರ್ಕಾರಿ ಬಸ್ಸಿನಲ್ಲಿ ಒಂದೇ ಒಂದು ಸೀಟು ಖಾಲಿಯಿದ್ದರೆ ಅದಕ್ಕೊಂದು ಬಲವಾದ ಕಾರಣವಿರುತ್ತದೆ, ಮತ್ತು ಆ ಕಾರಣ ಕುಳಿತ ಮೇಲೆಯೇ ತಿಳಿಯುತ್ತದೆ ಎಂಬ ಅನುಭವ ನನಗಿಲ್ಲದಿರಲಿಲ್ಲ. ಆದರೂ ‘ಬನ್ರಿ ಸಾರ್, ಫಸ್ಟ್ ಕ್ಲಾಸ್ ಜಾಗ’ ಎಂದು ಯಜಮಾನರು ಕೈಹಿಡಿದು ಎಳೆದಾಗ ಹೋದೆ. ಹುಡುಗಿ ದೂರದಿಂದ ಎರಡೂ ಕೈ ಬೀಸಿ ಕೂಗುತ್ತಿದ್ದಳು. ನಾನೂ ಕೈ ಬೀಸಿದೆ.

ಬೆಂಕಿ ನಿಜಕ್ಕೂ ಚೆನ್ನಾಗಿತ್ತು. ಒಂದೊಂದು ಉಸಿರಿಗೂ ಮುಖಕ್ಕೆ ಬಿಸಿ ತಾಗುತ್ತಿತ್ತು, ಕಪ್ಪು ನದಿಯೆಲ್ಲ ಕ್ಷಣಕಾಲ ಕಿತ್ತಳೆಯಾಗಿ ಮತ್ತೆ ಕಪ್ಪಾಗುತ್ತಿತ್ತು, ಯಜಮಾನರು ಕೂಡ ಬೆಲೆ ಕೇಳದೆ ಬಾಯಿ ತೆರೆದು ನಿಂತಿದ್ದರು. ಬೆಂಕಿ ನಿಂತಿತು. ನಾನು ಚಪ್ಪಾಳೆ ತಟ್ಟಲು ಕೈಯೆತ್ತಿದೆ. ಆಗ ನನ್ನ ಹಿಂದಿನಿಂದ ‘ಟಪ್’ ಎಂಬ, ಮೂವತ್ತೊಂದು ಮಳೆಗಾಲಗಳಿಂದ ಪರಿಚಿತವಾದ ಒಂದು ಸದ್ದು ಕೇಳಿಸಿತು. ತಿರುಗಿ ನೋಡಿದರೆ ಮಡದಿ ಕೊಡೆ ಬಿಡಿಸಿ ನಿಂತಿದ್ದಳು. ಒಂದು ಪಕ್ಕದಲ್ಲಿ ಯಜಮಾನರ ಮನೆಯವರು, ಇನ್ನೊಂದು ಪಕ್ಕದಲ್ಲಿ ಕೊರಿಯಾದ ಅಜ್ಜಿ. ಮೂವರಿಗೆ ಸರಿಯಾಗಿತ್ತು ಆ ಕೊಡೆ. ಮುಂದಿನ ಕ್ಷಣದಲ್ಲಿ ಡ್ರ್ಯಾಗನ್ ನೀರು ಉಗುಳಿತು. ಗಾಳಿಯೂ ನಮ್ಮ ಕಡೆಗೇ ಇತ್ತು. ರಾಮೇಶ್ವರಕ್ಕೆ ಹೋದರೂ ಶನೇಶ್ವರನ ಕಾಟ ತಪ್ಪಲಿಲ್ಲ ಎಂಬ ಮಾತನ್ನು ನಾನು ಅಂದು ನೆತ್ತಿಯಿಂದ ಅಂಗಾಲಿನವರೆಗೆ ಅನುಭವಿಸಿದೆ. ಒಮ್ಮೆ ಉಗುಳಿ ಸುಮ್ಮನಾಗಬಹುದೆಂದು ಕನ್ನಡಕ ಒರೆಸಿಕೊಂಡೆ. ಒರೆಸಿದ ಮೇಲೆ ಮತ್ತೊಮ್ಮೆ ಉಗುಳಿತು.

‘ಹೇಳಿದ್ದಳಲ್ಲ ಆ ಹುಡುಗಿ, ನೀವು ಕೇಳಿಸಿಕೊಳ್ಳಲಿಲ್ಲವಾ?’ ಎಂದು ಮಡದಿ ಕೊಡೆಯ ಕೆಳಗಿನಿಂದ ಕೇಳಿದಳು. ಉತ್ತರಿಸಲು ಬಾಯಿ ತೆರೆದರೆ ನೀರು ಬಂತು. ಪಕ್ಕದಲ್ಲಿ ಯಜಮಾನರು ಮಸಾಲೆ ದೋಸೆಗೆ ಬೆಣ್ಣೆ ಬಿದ್ದವರಂತೆ ನಗುತ್ತಿದ್ದರು. ‘ಸಾರ್, ಇಷ್ಟು ದೊಡ್ಡ ಸ್ನಾನಕ್ಕೆ ಒಂದು ಪೈಸೆ ತಗೊಳ್ಳಿಲ್ಲ ನೋಡ್ರಿ! ಇಡೀ ಊರಲ್ಲಿ ಭಾಗಿಸದೆ ಸಿಕ್ಕಿದ್ದು ಇದೊಂದೇ!’ ಎಂದು, ಪ್ಲಾಸ್ಟಿಕ್ ಚೀಲದಿಂದ ಬೀಸಣಿಗೆಗಳನ್ನು ಹೊರತೆಗೆದು, ಗುಂಪಿನ ಹತ್ತೂ ಮಂದಿಗೆ ಒಂದೊಂದು ಹಂಚಿಬಿಟ್ಟರು. ಸೊಸೆಯಂದಿರಿಗೆ ಏನೂ ಉಳಿಯಲಿಲ್ಲ. ಹತ್ತು ನಿಮಿಷದೊಳಗೆ ಸೇತುವೆಯ ಮೇಲೆ ಸ್ಕೂಟರುಗಳು ಮತ್ತೆ ಹರಿಯತೊಡಗಿದವು; ನಾವು ದಂಡೆಯ ಕಟ್ಟೆಯಲ್ಲಿ ಸಾಲಾಗಿ ಕುಳಿತು, ಮೂರು ದೇಶಗಳವರು ಒಂದೇ ಲಯದಲ್ಲಿ ಬೀಸಿಕೊಂಡೆವು. ಶೂವಿನೊಳಗೆ ಹಾನ್ ನದಿಯ ಒಂದು ಪಾಲು ಚುಳುಚುಳು ಎನ್ನುತ್ತಿತ್ತು.

ಇಂದು ಬೆಳಿಗ್ಗೆ ಯಜಮಾನರಿಂದ ವಾಟ್ಸ್ಆ್ಯಪ್ ಸಂದೇಶ ಬಂದಿದೆ. ವಿಮಾನ, ಹೋಟೆಲು, ಊಟ, ವ್ಯಾನು ಎಲ್ಲವನ್ನೂ ಡಾಂಗಿನಿಂದ ರೂಪಾಯಿಗೆ ತಿರುಗಿಸಿ, ಇಡೀ ಪ್ರವಾಸಕ್ಕೆ ತಲೆಗೆ ಎಷ್ಟು ಬಿತ್ತೆಂಬುದನ್ನು ಬರೆದು, ‘ಬಹಳ ಅಗ್ಗವಾಯಿತು ಸಾರ್, ಮುಂದಿನ ವರ್ಷ ಮತ್ತೆ ಹೋಗೋಣ’ ಎಂದಿದ್ದಾರೆ. ಕೂಡಿ ನೋಡಿದೆ, ಒಂದು ಸೊನ್ನೆ ಕಡಿಮೆಯಿತ್ತು. ತಿದ್ದಲು ಕೈ ಬಿಡುವಿರಲಿಲ್ಲ. ಒಂದು ಕೈಯಲ್ಲಿ ಶೂ ಇತ್ತು, ಇನ್ನೊಂದರಲ್ಲಿ ಬೀಸಣಿಗೆ.